ಬಿಸಿಲಿನ ಹೆಚ್ಚುಗಾರಿಕಿ

ಸತ್ಯನಾರಾಯಣಪೇಟೆ, ಬಳ್ಳಾರಿ
೯ ಜೂನ್ ೨೦೨೪

ಶ್ರೀ ಜಂಬುನಾಥ ಅವರಿಗೆ ನಮಸ್ಕಾರಗಳು.

ಸಿರಿಗೇರಿಯಲ್ಲಿ ನಿಮ್ಮ ಅಕ್ಕ ದುರ್ಗಾದೇವಿಯವರ ಮನೆಯಲ್ಲಿ ಭೇಟಿಯಾದ ದಿನ ನೀವು ಹೆಚ್ಚು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಇಬ್ಬರ ಮಾತನ್ನೂ ನಮ್ಮ ಅತ್ತೆಯೇ ಆಡಿದರು. ಹೊರಡುವಾಗ ನೀವು ಬಾಗಿಲ ತನಕ ಬಂದು, ‘ವಿಚಾರ ಮಾಡಿ ಹೇಳ್ರಿ, ಅವಸರ ಇಲ್ಲ’ ಅಂದಿರಿ. ಆ ಮಾತು ನನಗೆ ಹಿಡಿಸಿತು. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಎರಡನೆಯ ಮದುವೆಯ ಮಾತು ಬಂದರೆ ಎಲ್ಲರೂ ಅವಸರ ಮಾಡುವವರೇ.

ನೀವು ಹಡಗು ಹತ್ತಿದಿರಂತೆ, ಬರುವುದು ಮುಂದಿನ ಬೇಸಿಗೆಗಂತೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಹೂಂ, ಹಾಂ, ಊಟ ಆಯಿತಾ, ಅಲ್ಲಿಗೆ ಮುಗಿಯುತ್ತದೆ. ನಡುಸಮುದ್ರದಲ್ಲಿ ನಿಮಗೆ ಸಿಗ್ನಲ್ಲೂ ಇರುವುದಿಲ್ಲ. ಹಾಗಾಗಿ ಕಾಗದ ಬರೆಯೋಣ. ನಿಮ್ಮ ಕಂಪನಿಯ ಮುಂಬೈ ಆಫೀಸಿನ ವಿಳಾಸ ಅಕ್ಕ ಕೊಟ್ಟಿದ್ದಾರೆ. ಹಡಗು ನಿಲ್ಲುವ ಬಂದರಿಗೆ ಅವರು ಕಳಿಸುತ್ತಾರಂತೆ.

ಒಂದು ಷರತ್ತು. ಕಾಗದದಲ್ಲಿ ಮದುವೆಯ ಮಾತು ಬೇಡ. ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಭೂಗೋಳ ಹೇಳುವವಳು. ಪ್ರಪಂಚದ ವಾಯುಗುಣ ವಲಯಗಳು ಎಂದೊಂದು ಪಾಠವಿದೆ. ಸಮಭಾಜಕ ಪ್ರದೇಶ, ಮರುಭೂಮಿ, ಮೆಡಿಟರೇನಿಯನ್, ಸೂಚಿಪರ್ಣ ಕಾಡು. ಪುಸ್ತಕದಲ್ಲಿರುವುದನ್ನೇ ಹೇಳಿ ಹೇಳಿ ನನಗೇ ಬೇಸರ ಬಂದಿದೆ. ನೀವು ಕಂಡ ಊರಿನ ಮಳೆ, ಗಾಳಿ, ಗಿಡಮರದ ಬಗ್ಗೆ ಬರೆಯಿರಿ. ಮಕ್ಕಳಿಗೆ ಓದಿ ಹೇಳುತ್ತೇನೆ. ಬರೆದವರು ಯಾರೆಂದು ಮಾತ್ರ ಹೇಳುವುದಿಲ್ಲ.

ಇತಿ,
ಹೊನ್ನೂರಮ್ಮ


ದುಮಾಯಿ ಬಂದರು, ಸುಮಾತ್ರಾ
೨ ಜುಲೈ ೨೦೨೪

ಹೊನ್ನೂರಮ್ಮ ಟೀಚರ್ ಅವರಿಗೆ,

ನಿಮ್ಮ ಕಾಗದ ಮುಟ್ಟಿತ್ರಿ. ಓದಿದ್ರ ತಹಸೀಲ್ದಾರ್ ಆಫೀಸಿಂದ ನೋಟೀಸು ಬಂದಂಗಾತು. ನನಗ ಬರೆಯೋ ಕನ್ನಡ ಬರಂಗಿಲ್ಲ. ಮಾತಾಡಿದಂಗ ಬರೀತೀನಿ, ನೀವೂ ಹಂಗ ಬರೀರಿ.

ನಾವು ಈಗ ಭೂಮಿಯ ನಟ್ಟನಡುವಿನ ಗೆರಿ ಹತ್ರ ಅದೀವಿ. ಹಡಗಿಗೆ ತಾಳೆಬೀಜದ ಹಿಂಡಿ ತುಂಬಾಕತ್ತಾರ, ಯುರೋಪಿನ ದನಗಳಿಗೆ. ಹಿಂಡಿ ತೊಯ್ಯಬಾರದು. ಮಳಿ ಬಂದ ಕೂಡ್ಲೆ ಹಡಗಿನ ಮುಚ್ಚಳ ಹಾಕ್ಬೇಕು, ನಿಂತ ಕೂಡ್ಲೆ ತೆಗೀಬೇಕು. ಮುಂಜಾನಿ ಆಕಾಶ ಬೆಳಗಿಟ್ಟ ಗಂಗಾಳದಂಗ ಇರತೈತಿ. ಹೊತ್ತೇರಿದಂಗ ಮೋಡ ಕಟ್ಟತೈತಿ. ಮಧ್ಯಾಹ್ನ ಉಂಡು ಕೈ ತೊಳಿಯೋದ್ರಾಗ ಧೋ ಅಂತ ಸುರೀತೈತಿ. ಸಂಜೀಕ ಮತ್ತ ಬಿಸಲು. ಇಲ್ಲೆ ಬ್ಯಾಸಿಗಿ, ಮಳಿಗಾಲ, ಚಳಿಗಾಲ ಅಂತ ಬ್ಯಾರೆ ಇಲ್ರಿ. ಒಂದ ದಿನದಾಗ ಎಲ್ಲಾ ಮುಗಿಸಿಬಿಡ್ತಾವು, ಚಳಿ ಒಂದು ಬಿಟ್ಟು.

ಬಂದರಿನ ಡ್ರೈವರ್ ಒಬ್ಬ ಕಾಡಿನ ಅಂಚಿನ ತನಕ ಕರಕೊಂಡು ಹೋಗಿದ್ದ. ಪಕ್ಕಪಕ್ಕಕ್ಕ ಇದ್ದ ಎರಡು ಗಿಡ ಒಂದ ಜಾತಿ ಇರೋದು ಕಾಣಲಿಲ್ಲ. ಒಂದರ ಮೈಮ್ಯಾಲ ಇನ್ನೊಂದು ಬಳ್ಳಿ, ಬಳ್ಳಿ ಮ್ಯಾಲ ಹಾವಸಿ. ಹಗಲೊತ್ತಿನ್ಯಾಗ ಕೆಳಗ ಕತ್ಲಿ. ಎಲಿ ಉದರೋ ಕಾಲ ಯಾವುದು ಅಂತ ಕೇಳಿದೆ. ಅವ ನಕ್ಕ. ಇಲ್ಲೆ ಯಾವ ಗಿಡಕ್ಕ ಯಾವಾಗ ಮನಸ್ಸು ಬರತೈತೋ ಅದು ಆವಾಗ ಎರಡು ಎಲಿ ಉದುರಿಸಿಕೊಂತೈತಂತ.

ನಾನು ಎಂಜಿನ್ ಕೋಣಿಯ ಫಿಟ್ಟರ್ರಿ. ಒಗದು ಹಾಕಿದ ಅಂಗಿ ಇನ್ನೂ ಆರಿಲ್ಲ, ಮ್ಯಾಲ ಬೂಸು ಬಂದೈತಿ. ಬಳ್ಳಾರಿ ಹೆಂಗೈತಿ?

ಜಂಬುನಾಥ


ಬಳ್ಳಾರಿ
೨೬ ಜುಲೈ ೨೦೨೪

ಜಂಬುನಾಥ ಅವರಿಗೆ,

ನೋಟೀಸು ಅಂದದ್ದಕ್ಕ ನಮ್ಮತ್ತಿ ಬಿದ್ದುಬಿದ್ದು ನಕ್ರು. ಅವರಿಗೆ ಓದಾಕ ಬರಂಗಿಲ್ಲ, ಕಾಗದ ಬಂದ್ರ ಎರಡು ಸಲ ಓದಿಸ್ತಾರ. ಅದಕ್ಕ ಈ ಸಲ ಮಾತಾಡಿದಂಗ ಬರೀತೀನಿ.

ಒಂಬತ್ತನೇ ಕ್ಲಾಸಿನಾಗ ನಿಮ್ಮ ಕಾಗದ ಓದಿದೆ. ಒಬ್ಬ ಹುಡುಗಿ ಎದ್ದು, ‘ಎಲಿ ಉದರಂಗಿಲ್ಲ ಅಂದ್ರ ಹೊಸಾ ಚಿಗುರು ಯಾವಾಗ ಬರತೈತ್ರಿ? ಅವರಿಗೆ ಯುಗಾದಿ ಇಲ್ಲೇನ್ರಿ?’ ಅಂದ್ಲು. ನಾನು ಸಮಭಾಜಕ ಕಾಡನ್ನ ಎಷ್ಟು ವರ್ಷದಿಂದ ಹೇಳ್ತೀನಿ, ಈ ಪ್ರಶ್ನಿ ನನ್ನ ತಲಿಗೂ ಬಂದಿರಲಿಲ್ಲ.

ಬಳ್ಳಾರಿ ಹೆಂಗೈತಿ ಅಂದ್ರಲ್ಲ. ಈಗ ಬರೇ ಗಾಳಿ. ಮೋಡ ನಮ್ಮ ತಲಿಮ್ಯಾಲಿಂದ ದೊಡ್ಡ ಮನಶ್ಯಾರಂಗ ನೋಡಿಯೂ ನೋಡದಂಗ ಹೋಗ್ತಾವು. ಆದ್ರ ಈ ಸಲದ ಬ್ಯಾಸಿಗಿ ನೀವು ನೋಡಬೇಕಿತ್ತು. ಗುಡ್ಡದ ಬಂಡಿಗಲ್ಲು ಕಾದು ಹೊತ್ತು ಮುಳುಗಿದ ಮ್ಯಾಲೂ ಉಸಿರು ಬಿಡ್ತಿತ್ತು. ನಲ್ಲಿ ತಿರುವಿದ್ರ ಚಾ ಮಾಡೋ ನೀರು. ಮಾಳಿಗಿ ಮ್ಯಾಲ ನೀರು ಹೊಡದು, ಹಾಸಿಗಿ ತೊಯಿಸಿಕೊಂಡು ಮಲಗಿದ್ವಿ. ಬಸ್ಸಿನ ಕಂಬಿ ಹಿಡದ್ರ ಕೈ ಸುಡೋದು. ಕುರುಗೋಡಿಂದ ಮನಿ ಮುಟ್ಟೋದ್ರಾಗ ಜೀವ ಹೋಗಿ ಬರ್ತಿತ್ತು. ಇಂಥಾ ಬಿಸಲು ಮತ್ತೆಲ್ಲಿ ಸಿಗಬೇಕು! ಪಾಠದಾಗ ಇದನ್ನ ಅರೆಶುಷ್ಕ ಅಂತಾರ. ಅರೆ ಯಾಕಂದ್ರೋ ಗೊತ್ತಿಲ್ಲ.

ಹೊನ್ನೂರಮ್ಮ


ಕೇಪ್‌ಟೌನ್
೨೯ ಆಗಸ್ಟ್ ೨೦೨೪

ಹೊನ್ನೂರಮ್ಮ ಟೀಚರ್ ಅವರಿಗೆ,

ಕೆಂಪು ಸಮುದ್ರದ ದಾರ್ಯಾಗ ಗಲಾಟಿ ಇರೋದ್ರಿಂದ ಆಫ್ರಿಕಾ ಸುತ್ತಿ ಹೊಂಟೀವಿ. ಮೊನ್ನೆಯಿಂದ ಇಲ್ಲೆ ಲಂಗರು ಹಾಕೀವಿ. ದಾರ್ಯಾಗ ಒಂದಿಷ್ಟು ಅಲಿ ಇದ್ದವು, ಏನೂ ವಿಶೇಷ ಇಲ್ಲ. ಅಕ್ಷರ ಸೊಟ್ಟ ಆಗ್ಯಾವ, ಹಡಗು ಅಲ್ಲಾಡತೈತಿ.

ಇಲ್ಲಿ ಲೆಕ್ಕ ಉಲ್ಟಾ ಐತ್ರಿ. ನಮಗ ಬ್ಯಾಸಿಗಿ ಮುಗದು ಮಳಿ, ಇವರಿಗೆ ಚಳಿಗಾಲದಾಗ ಮಳಿ, ಬ್ಯಾಸಿಗಿ ಪೂರ್ತಿ ಒಣ. ನಿಮ್ಮ ಮೆಡಿಟರೇನಿಯನ್ ಅಂದ್ರ ಇದ ಇರಬೇಕು. ಗುಡ್ಡದ ಮ್ಯಾಲ ಮಳಕಾಲುದ್ದದ ಪೊದಿ. ಎಲಿ ಸಣ್ಣವು, ದಪ್ಪ, ಚರ್ಮದಂಗ. ಬ್ಯಾಸಿಗ್ಯಾಗ ನೀರು ಆರಬಾರದಂತ ಹಂಗ ಅದಾವಂತ. ದ್ರಾಕ್ಷಿ ಬಳ್ಳಿ ಈಗ ಬೋಳು. ಮಂದಿ ಕೊಡೆ ಹಿಡಕೊಂಡು, ಕೋಟು ಹಾಕ್ಕೊಂಡು, ಮಳಿಗೆ ಬೈಕೋತ ಅಡ್ಡಾಡ್ತಾರ.

ನಿಮ್ಮ ಬ್ಯಾಸಿಗಿ ಕಾಗದ ಎರಡು ಸಲ ಓದಿದೆ. ಅಷ್ಟು ಕಷ್ಟದಾಗ ದಿನಾ ಬಸ್ಸಿನ್ಯಾಗ ಓಡಾಡ್ತೀರಿ. ನಾನು ಒಂದು ವಿಚಾರ ಮಾಡಾಕತ್ತೀನಿ. ಗಟ್ಟಿ ಆದ ಮ್ಯಾಲ ಹೇಳ್ತೀನಿ.

ಜಂಬುನಾಥ


ಬಳ್ಳಾರಿ
೨೨ ಸೆಪ್ಟೆಂಬರ್ ೨೦೨೪

ಜಂಬುನಾಥ ಅವರಿಗೆ,

ಲಂಗರು ಹಾಕೀವಿ ಅಂತ ನೀವ ಬರದೀರಿ, ಹಡಗು ಅಲ್ಲಾಡತೈತಿ ಅಂತಾನೂ ನೀವ ಬರದೀರಿ. ಕಾಗದದ ಮೊದಲನೇ ಅಕ್ಷರದಿಂದ ಕಡೀ ಅಕ್ಷರದ ತನಕ ಒಂದ ನಮೂನಿ ಸೊಟ್ಟ. ಎಡಗೈಲೆ ಬರದೀರಿ. ಬಲಗೈಗೆ ಏನಾಗೈತಿ? ನಾನು ಪರೀಕ್ಷಿ ಪೇಪರ್ ತಿದ್ದಾಕಿ, ಹುಡುಗ್ರು ಸುಳ್ಳು ಹೇಳಿದ್ರ ಅಕ್ಷರದಾಗ ಗೊತ್ತಾಗತೈತಿ. ಮದುವಿ ಮಾತು ಬ್ಯಾಡ ಅಂದಿದ್ದೆ, ಪೆಟ್ಟಾದ ಮಾತು ಬ್ಯಾಡ ಅಂದಿರಲಿಲ್ಲ.

ಹೋದ ಐತಾರ ಸಿರಿಗೇರಿಗೆ ಹೋಗಿದ್ದೆ. ನಿಮ್ಮಕ್ಕಗ ಏನಾದ್ರೂ ಗೊತ್ತಿರಬಹುದು ಅಂತ ಕೇಳಿದ್ರ, ‘ಅವ ನನಗೂ ಹೇಳಂಗಿಲ್ಲವ್ವ, ಸಣ್ಣಾವ ಇದ್ದಾಗ ಚೇಳು ಕಡದದ್ದು ಮರುದಿನ ಹೇಳಿದ್ದ’ ಅಂದ್ರು. ಕಾಲುವಿ ತುಂಬಿ ಹರಿಯಾಕತ್ತೈತಿ. ಬಳ್ಳಾರಿಯಿಂದ ಬಸ್ಸು ಹತ್ತಿದಾಗ ಜಾಲಿ, ಕರಿಮಣ್ಣು. ಸಿರಿಗೇರ್ಯಾಗ ಇಳಿಯೋದ್ರಾಗ ನೆಲ್ಲು, ಬೆಳ್ಳಕ್ಕಿ, ಮೊಳಕಾಲ ತನಕ ನೀರು. ಇದು ವಾಯುಗುಣ ಅಲ್ಲ, ಕಾಲುವಿ ಕರಾಮತ್ತು ಅಂತ ಹುಡುಗ್ರಿಗೆ ಹೇಳಬೇಕು.

ಕೈ ಬಗ್ಗೆ ಬರೀರಿ.

ಹೊನ್ನೂರಮ್ಮ


ರಾಟರ್‌ಡ್ಯಾಮ್
೨೪ ಅಕ್ಟೋಬರ್ ೨೦೨೪

ಹೊನ್ನೂರಮ್ಮ ಅವರಿಗೆ,

ಸಿಕ್ಕಿಬಿದ್ದೆ. ಕೇಪ್ ಹತ್ರ ದೊಡ್ಡ ಬಿರುಗಾಳಿ ಬಂದಿತ್ತು. ಒಂದು ಪಂಪಿನ ಮುಚ್ಚಳ ಜಾರಿ ಬಲಗೈ ಎರಡು ಬೆರಳು ಮುರದ್ವು. ಈಗ ಕೂಡ್ಯಾವ, ನೋಡ್ರಿ ಅಕ್ಷರ ನೆಟ್ಟಗದಾವ. ಹೇಳಿದ್ರ ಹಡಗಿನವರ ಬಾಳೇ ಇಷ್ಟು ಅಂತ ನೀವು ದೂರ ಸರೀತೀರಿ ಅನ್ನೋ ಅಂಜಿಕಿ ಇತ್ತು.

ಹಡಗು ರಿಪೇರಿಗೆ ನಿಂತೈತಿ. ಇಲ್ಲೆ ಮಳಿ ಅನ್ನಬೇಕೋ ಏನನ್ನಬೇಕೋ ತಿಳಿವಲ್ದು. ಜರಡಿ ಹಿಡದಂಗ ದಿನಪೂರ್ತಿ ಉದರತೈತಿ. ಸಮುದ್ರದ ಗಾಳಿಯಿಂದ ಬ್ಯಾಸಿಗ್ಯಾಗ ಭಾಳ ಸೆಕಿ ಇಲ್ಲ, ಚಳಿಗಾಲದಾಗ ಭಾಳ ಚಳಿ ಇಲ್ಲ. ಹುಲ್ಲು ಮಾತ್ರ ಕಣ್ಣು ಕುಕ್ಕೋವಷ್ಟು ಹಸರು. ರಸ್ತೆದ ಗಿಡದ ಎಲಿ ಹಳದಿ, ಕೆಂಪು ಆಗಿ ಒಮ್ಮಿಗೇ ಉದರಾಕತ್ತಾವ. ನಿಮ್ಮ ಹುಡುಗಿಗೆ ಹೇಳ್ರಿ, ಇವರಿಗೆ ಯುಗಾದಿ ಐತಿ, ತಡಾ ಆಗಿ ಬರತೈತಿ.

ಈಗ ನಿಮ್ಮ ಷರತ್ತು ಮುರೀತೀನಿ, ಸಿಟ್ಟಾಗಬ್ಯಾಡ್ರಿ. ನಾನು ಸಮುದ್ರ ಬಿಡ್ತೀನಿ. ನಮ್ಮ ಮುಖ್ಯ ಎಂಜಿನಿಯರ್ರ ಭಾವಮೈದುನರು ಕೂನೂರಿನ ಚಹಾ ಕಾರ್ಖಾನ್ಯಾಗ ಅದಾರ. ಅಲ್ಲೆ ಬಾಯ್ಲರಿಗೆ ಒಬ್ಬ ಫಿಟ್ಟರ್ ಬೇಕಂತ. ನಾನು ಹೂಂ ಅಂದೀನಿ. ಮೇ ತಿಂಗಳದಾಗೂ ಅಲ್ಲೆ ಕಂಬಳಿ ಬೇಕು. ನೀವು ಆ ಕಾದ ಬಂಡಿ, ಸುಡೋ ಕಂಬಿ ನಡುವೆ ಇರೋದು ಬ್ಯಾಡ. ಟೀಚರ್ ಕೆಲಸ ಅಲ್ಲೂ ಸಿಕ್ಕೀತು. ನಿಮ್ಮತ್ತಿಗೆ ಅವರ ಮಕ್ಕಳು ಮರಿ ಇದ್ದಾ ಇರ್ತಾರ. ಏನಂತೀರಿ?

ಜಂಬುನಾಥ


ಬಳ್ಳಾರಿ
೨೦ ನವೆಂಬರ್ ೨೦೨೪

ಶ್ರೀ ಜಂಬುನಾಥ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಬೆರಳು ಗುಣವಾದದ್ದು ತಿಳಿದು ಸಮಾಧಾನವಾಯಿತು. ಕೂನೂರು ಒಳ್ಳೆಯ ಊರೆಂದು ಕೇಳಿದ್ದೇನೆ. ತಮಗೆ ಅಲ್ಲಿ ಒಳ್ಳೆಯದಾಗಲಿ. ನನಗೆ ಅಲ್ಲಿಗೆ ಬರಲು ಸಾಧ್ಯವಾಗುವುದಿಲ್ಲ. ಕಾರಣಗಳನ್ನು ಪತ್ರದಲ್ಲಿ ಬರೆಯುವುದು ಕಷ್ಟ.

ಪಾಠ ಮುಗಿದಿದೆ. ಮಕ್ಕಳು ತಮಗೆ ವಂದನೆ ಹೇಳಿದ್ದಾರೆ.

ಇತಿ,
ಹೊನ್ನೂರಮ್ಮ


ಕೆಮಿ ಬಂದರು, ಫಿನ್‌ಲ್ಯಾಂಡ್
೧೪ ಜನವರಿ ೨೦೨೫

ಹೊನ್ನೂರಮ್ಮ ಅವರಿಗೆ,

ನಿಮ್ಮ ಕಾಗದ ಬಂದು ಭಾಳ ದಿನ ಆತು. ಉತ್ತರ ಬರಿಯೋ ಧೈರ್ಯ ಬರಲಿಲ್ಲ. ನೀವು ಬರೆಯೋ ಕನ್ನಡಕ್ಕ ತಿರುಗಿದ್ರಿ ಅಂದ್ರ ಬಾಗಲಾ ಹಾಕಿದಂಗ. ಬಡಿಯಾಕ ಬಂದಿಲ್ರಿ. ಹೊರಗ ನಿಂತು ನಾಲ್ಕು ಮಾತು ಹೇಳಿ ಹೋಗ್ತೀನಿ.

ಮೊದಲು ಹುಡುಗ್ರ ಪಾಠ. ಇಲ್ಲೆ ಸಮುದ್ರ ಕಲ್ಲಾಗೈತಿ. ಮುಂದ ಒಂದು ಹಡಗು ಮಂಜುಗಡ್ಡಿ ಒಡಕೋತ ಹೋಗತೈತಿ, ಹಿಂದ ನಾವು. ಸೂರ್ಯ ಮಧ್ಯಾಹ್ನದಾಗ ಒಂದೀಟು ಇಣುಕಿ ನೋಡಿ, ಯಾಕ ಬಂದ್ನೋ ಅಂದಂಗ ಮುಳಗತಾನ. ಎತ್ಲಾಗ ನೋಡಿದ್ರೂ ಒಂದ ಜಾತಿ ಗಿಡ. ನೆಟ್ಟಗ, ಮ್ಯಾಲ ಚೂಪು. ಟೊಂಗಿ ಕೆಳಗ ಬಾಗ್ಯಾವ, ಹಿಮ ಬಿದ್ರ ಜಾರಿ ಹೋಗತೈತಿ, ಟೊಂಗಿ ಮುರಿಯಂಗಿಲ್ಲ. ಎಲಿ ಅಂದ್ರ ಸೂಜಿ. ಮುಟ್ಟಿ ನೋಡಿದೆ, ಜಿಗಟು ಐತಿ, ಧೂಪದ ವಾಸನಿ. ಬ್ಯಾಸಿಗಿ ಎರಡು ಮೂರು ತಿಂಗಳು ಅಷ್ಟ. ಅದಕ್ಕ ಎಲಿ ಉದುರಿಸಿ ಮತ್ತ ಚಿಗಿಯಾಕ ಪುರಸೊತ್ತಿಲ್ಲಂತ ಇವು ಎಲೀನ ಬಿಡಂಗಿಲ್ಲ. ಇವನ್ನ ಕೊಯ್ದು, ಹಲಗಿ ಮಾಡಿ ನಮ್ಮ ಹಡಗಿಗೆ ತುಂಬಾಕತ್ತಾರ. ಗುಜರಾತಿನ ಕಾಂಡ್ಲಾಕ್ಕ ಒಯ್ಯಬೇಕು.

ಈಗ ನನ್ನ ಮಾತು. ಬಂದರಿನ ಕ್ರೇನ್ ನಡಸೋ ಮುದುಕ ಒಬ್ಬ ನಮ್ಮನ್ನ ಅವರ ಬಿಸಿ ಕೋಣಿಗೆ ಕರಕೊಂಡು ಹೋದ. ಕಟ್ಟಿಗಿ ಕೋಣಿ, ಒಲಿ ಮ್ಯಾಲ ಕಲ್ಲು ಕಾಸಿ ನೀರು ಹಾಕ್ತಾರ. ಒಳಗ ಹೋದ್ರ ಬಳ್ಳಾರಿ! ಉಸಿರು ಸುಡೋದು. ನಮ್ಮ ಹುಡುಗ್ರು ಹೊರಗ ಓಡಿದ್ರು, ನಾನು ಆರಾಮ ಕುಂತೆ. ಮುದುಕಗ ಖುಷಿ ಆತು. ಇದು ಏನೂ ಅಲ್ಲ, ನಮ್ಮಪ್ಪನ ಕೋಣ್ಯಾಗ ಕುಂತ್ರ ಕಿವಿ ಬೇಯ್ತಿದ್ವು ಅಂದ. ಪಕ್ಕದವ, ಅದೇನು, ನಮ್ಮ ಕಾಕಾನ ಕೋಣ್ಯಾಗ ಕೂದಲು ಹೊತ್ತತಿತ್ತು ಅಂದ. ಹಿಂಗ ಒಬ್ಬರಿಗಿಂತ ಒಬ್ಬರು. ಅವರ ಮಾರಿ ನೋಡಿದೆ. ಒಬ್ಬರೂ ಕಷ್ಟ ಹೇಳಾಕತ್ತಿರಲಿಲ್ಲ, ಹೆಚ್ಚುಗಾರಿಕಿ ಹೇಳಾಕತ್ತಿದ್ರು.

ಹಡಗಿಗೆ ಬಂದು ನಿಮ್ಮ ಬ್ಯಾಸಿಗಿ ಕಾಗದ ಮತ್ತ ಓದಿದೆ. ಇಂಥಾ ಬಿಸಲು ಮತ್ತೆಲ್ಲಿ ಸಿಗಬೇಕು ಅಂತ ಬರದೀರಿ. ನಾನು ಅದನ್ನ ಅಳು ಅಂತ ಓದಿದ್ದೆ. ನಾನೆಂಥಾ ಮಬ್ಬ! ಬಳ್ಳಾರಿ ಬಿಸಲಿಂದ ನಿಮ್ಮನ್ನ ಬಿಡಿಸ್ತೀನಿ ಅಂದದ್ದು ನಿಮ್ಮೂರನ್ನ ಬೈದಂಗಾತು.

ಖರೇ ಹೇಳ್ಬೇಕಂದ್ರ ನನಗ ಚಳಿ ಆಗಿಬರಂಗಿಲ್ರಿ. ನಿಮಗಂತ ಒಪ್ಪಿದ್ದೆ. ಕೂನೂರಿಗೆ ಬರಂಗಿಲ್ಲ ಅಂತ ಹೇಳಿ ಕಳಿಸೀನಿ. ನೀವು ನನಗ ಹೂಂ ಅನ್ನಬೇಕಂತಿಲ್ಲ. ತಿಳಕೊಂಡದ್ದು ತಪ್ಪು ಅಂತ ಹೇಳಬೇಕಿತ್ತು, ಹೇಳೀನಿ.

ಜಂಬುನಾಥ


ಬಳ್ಳಾರಿ
೮ ಫೆಬ್ರವರಿ ೨೦೨೫

ಜಂಬುನಾಥ ಅವರಿಗೆ,

ಅರ್ಧ ಉತ್ತರ ಬರೋಬ್ಬರಿ ಐತಿ, ಅರ್ಧ ಮಾರ್ಕ್ಸ್ ಕೊಡ್ತೀನಿ. ಹೌದು, ಅದು ಹೆಚ್ಚುಗಾರಿಕಿ. ನಮ್ಮೂರಿನವರು ಬಿಸಲಿಗೆ ಬೈಯೋದು ಅಂದ್ರ ಮನಿ ಮಗನಿಗೆ ಬೈದಂಗ. ಹೊರಗಿನವರು ಬೈದ್ರ ಸುಮ್ಮನಿರಂಗಿಲ್ಲ.

ಇನ್ನರ್ಧ ಕೇಳ್ರಿ. ‘ನಿಮ್ಮತ್ತಿಗೆ ಅವರ ಮಕ್ಕಳು ಮರಿ ಇರ್ತಾರ’ ಅಂತ ಬರದಿದ್ರಿ. ಅವರಿಗೆ ಒಬ್ಬನ ಮಗ. ಅವರ ಹೆಸರು ಮೈಲಾರಪ್ಪ. ಅವರು ನನ್ನ ಗಂಡ. ಕಾಮಾಲಿ ಆಗಿ ತೀರಿಕೊಂಡ್ರು. ಪಕ್ಕೀರಮ್ಮ ನನಗ ಅತ್ತಿ ಅಂದ್ರ ಗಂಡನ ತಾಯಿ. ಆವತ್ತು ಸಿರಿಗೇರ್ಯಾಗ ನನ್ನ ಸಲುವಾಗಿ ನಿಮ್ಮನ್ನ ನೋಡಾಕ ಬಂದಾಕಿ ಅವರ. ಮಗನ್ನ ಕಳಕೊಂಡಾಕಿ ಸೊಸಿಗೆ ಗಂಡು ಹುಡುಕ್ಯಾಳ ಅಂತ ಓಣ್ಯಾಗ ಮಂದಿ ಆಡಿಕೊಂಡ್ರು. ಅತ್ತಿ ಮಾತ್ರ, ‘ಆಡ್ಲಿ ಬಿಡು, ಬಾಯಿಗೂ ಕೆಲಸ ಬೇಕು’ ಅಂದಿದ್ರು.

ನಿಮ್ಮ ಕೂನೂರು ಕಾಗದ ಅವರಿಗೆ ಪೂರ್ತಿ ಓದಿ ಹೇಳಲಿಲ್ಲ. ಮಳಿ, ಹುಲ್ಲು ಓದಿ ಮಡಚಿಟ್ಟೆ. ಆಮ್ಯಾಲ ನೀವೂ ಬರಿಯಲಿಲ್ಲ. ಸಂಕ್ರಾಂತಿ ಆದ ಮ್ಯಾಲ ಒಂದಿನ ರೊಟ್ಟಿ ಬಡಿಯೋವಾಗ ಅತ್ತೀನ ಆ ಮಾತು ತೆಗದ್ರು.

‘ಆ ಹಡಗಿನಾವ ಏನಂದ?’
‘ಏನಿಲ್ಲ.’
‘ಏನಿಲ್ಲ ಅಂದಾಗೊಮ್ಮೆ ನೀನು ಹಿಟ್ಟಿಗೆ ನೀರು ಹೆಚ್ಚು ಹಾಕ್ತೀ. ಹೇಳು.’

ಹೇಳಿದೆ. ಅವರು ರೊಟ್ಟಿ ತಿರುವಿ ಹಾಕಿ, ‘ಹೋಗಬೇಕಿತ್ತು. ನನಗೇನಾಗೈತಿ? ಕೈಕಾಲು ಗಟ್ಟಿ ಅದಾವ’ ಅಂದ್ರು.

‘ನಿಮ್ಮನ್ನ ಬಿಟ್ಟು ಹೋಗಂಗಿಲ್ಲ.’

‘ಮಗಳಾಗಿದ್ರ ಕಳಸ್ತಿದ್ದಿಲ್ಲೇನು?’

‘ಮಗಳ ಅಂದ್ರಿ ಅಂದ್ಮ್ಯಾಲ ಅಳಿಯನ್ನ ಮನಿಗೆ ಕರಕೊಳ್ರಿ’ ಅಂದುಬಿಟ್ಟೆ. ಬಾಯಿಗೆ ಬಂದದ್ದು ಆಡಿಬಿಟ್ಟಿದ್ದೆ. ಅವರು ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ನನ್ನ ಮಾರಿ ನೋಡಿದ್ರು. ಆ ರೊಟ್ಟಿ ಕರ್ರಗ ಆತು. ನಾವಿಬ್ರೂ ಅದನ್ನ ಹರಕೊಂಡು ತಿಂದ್ವಿ.

ಈಗ ನಾನ ಷರತ್ತು ಮುರೀತೀನಿ. ಬರೋದಿದ್ರ ಬಳ್ಳಾರಿಗೆ ಬರ್ರಿ. ಮನ್ಯಾಗ ಮೂರು ಮಂದಿ. ಸಿರುಗುಪ್ಪದ ಅಕ್ಕಿ ಗಿರಣಿ ಬಾಯ್ಲರಿಗೆ ಫಿಟ್ಟರ್ ಸಿಗವಲ್ರು ಅಂತ ನಿಮ್ಮಕ್ಕ ಹೇಳ್ಯಾರ. ಇದಕ್ಕ ಒಪ್ಪಿಗಿ ಇಲ್ಲಂದ್ರೂ ಸಿಟ್ಟಿಲ್ಲ. ಆದ್ರ ಬರೆಯೋ ಕನ್ನಡದಾಗ ಉತ್ತರ ಕೊಡಬ್ಯಾಡ್ರಿ.

ಹೊನ್ನೂರಮ್ಮ


ವಾಲ್ವಿಸ್ ಬೇ, ನಮೀಬಿಯಾ
೧೩ ಮಾರ್ಚ್ ೨೦೨೫

ಹೊನ್ನೂರಮ್ಮ,

ಅತ್ತಿ ಅಂದ್ರ ನಿಮ್ಮಪ್ಪನ ಅಕ್ಕನೋ ತಂಗಿಯೋ ಅಂತ ನಾನು ತಿಳಕೊಂಡಿದ್ದೆ! ಇಷ್ಟು ದೂರ ಬಂದು, ಇಷ್ಟು ದೇಶ ನೋಡಿ, ನಮ್ಮ ಕನ್ನಡದ ಒಂದು ಮಾತು ತಪ್ಪು ತಿಳಕೊಂಡೆ. ಆ ತಾಯಿಗೆ ನಮಸ್ಕಾರ ಅಂತ ಹೇಳ್ರಿ, ಅದು ಸಾಲಂಗಿಲ್ಲ.

ಬರ್ತೀನಿ. ಬಳ್ಳಾರಿಗೆ ಬರ್ತೀನಿ. ಈ ಮಾತು ಬರದ ಮ್ಯಾಲ ಉಳಿದದ್ದು ಬರಿಯಾಕ ಕೈ ಓಡವಲ್ದು, ಆದ್ರೂ ಹುಡುಗ್ರ ಪಾಲು ಬಿಡಬಾರದು. ಇಲ್ಲೆ ಸಮುದ್ರದ ದಂಡಿಗೇ ಮರುಭೂಮಿ ಐತಿ. ನೀರು ಥಣ್ಣಗ, ಅದಕ್ಕ ಮೋಡ ಕಟ್ಟಂಗಿಲ್ಲ, ಮಳಿ ಇಲ್ಲ. ಮುಂಜಾನಿ ಮಂಜು ಮಾತ್ರ ಮರಳಿನ ಮ್ಯಾಲ ತೆವಳಿಕೋತ ಬರತೈತಿ. ವ್ಯಾನಿನ್ಯಾಗ ಒಳಗ ಹೋಗಿ ಒಂದು ಗಿಡ ನೋಡಿದೆ. ಇದ್ದದ್ದು ಎರಡ ಎಲಿ. ಆ ಎರಡ ಎಲಿ ನೂರಾರು ವರ್ಷ ಬೆಳಕೋತ, ಹರಕೋತ, ನೆಲದ ಮ್ಯಾಲ ಬಿದ್ದಿರ್ತಾವಂತ. ನೋಡಾಕ ಚಂದಿಲ್ಲ. ಆದ್ರ ಅದರ ಮುಂದ ಭಾಳ ಹೊತ್ತು ನಿಂತಿದ್ದೆ.

ನಾನು ಗೊರಕಿ ಹೊಡೀತೀನಿ. ಮೊದಲ ಹೇಳಿಟ್ಟಿರ್ತೀನಿ.

ಜಂಬುನಾಥ


ಸಿರುಗುಪ್ಪ
೯ ಮೇ ೨೦೨೫

ಹೊನ್ನೂರಮ್ಮ,

ಹಡಗು ಬಿಟ್ಟು ಇಲ್ಲೆ ಗಿರಣಿ ಸೇರಿದ ಮ್ಯಾಲೂ, ಬಸ್ಸಿನ ದಾರಿ ಇಷ್ಟ ಇದ್ರೂ ಕಾಗದ ಬರಿಯಾಕತ್ತೀನಿ ಅಂತ ನಗಬ್ಯಾಡ. ನಿನ್ನಿ ಆದದ್ದು ಫೋನಿನ್ಯಾಗ ಹೇಳೋ ಸಂಗತಿ ಅಲ್ಲ.

ಮಧ್ಯಾಹ್ನ ಗಿರಣಿ ಬಾಯ್ಲರ್ ಬಿಚ್ಚಿಕೊಂಡು ಕುಂತಿದ್ದೆ. ಮೈತುಂಬ ಮಸಿ. ಯಾರೋ ಕೊಡೆ ಹಿಡದು ಗೇಟಿನ್ಯಾಗ ನಿಂತಿದ್ರು. ನಿಮ್ಮತ್ತಿ! ಒಬ್ರ ಬಸ್ಸು ಹತ್ತಿ ಬಂದಾರ. ನಿನಗ ಹೇಳಿಲ್ಲಂತ, ರಜಾದ ಸ್ಪೆಷಲ್ ಕ್ಲಾಸಿಗಂತ ನೀನು ಕುರುಗೋಡಿಗೆ ಹೋದ ಮ್ಯಾಲ ಹೊಂಟಾರ.

‘ಕೆಲಸ ಮಾಡೋವಾಗ ಹೆಂಗ ಇರ್ತಿ ನೋಡಾಕ ಬಂದೆ. ಅಕ್ಕನ ಮನ್ಯಾಗ ಇಸ್ತ್ರಿ ಅಂಗಿ ಹಾಕ್ಕೊಂಡು ಎಲ್ಲಾರೂ ಚಂದನ ಇರ್ತಾರ’ ಅಂದ್ರು.

ಬುತ್ತಿ ಬಿಚ್ಚಿದ್ರು. ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ. ಬೇವಿನ ಗಿಡದ ಕೆಳಗ ಉಂಡ್ವಿ. ಬಿಸಲು ಹೊಳಿಯಾಕತ್ತಿತ್ತು, ನೆಲ ನೋಡಾಕ ಆಗವಲ್ದು. ಊಟ ಆದ ಮ್ಯಾಲ ಕೇಳಿದ್ರು, ‘ನಮ್ಮ ಮೈಲಾರಿ ಫೋಟೋ ಗ್ವಾಡಿ ಮ್ಯಾಲ ಐತಿ. ಅದು ಅಲ್ಲೇ ಇರತೈತಿ. ನಿನಗ ನಡೀತೈತೇನು?’

ನಾನು, ‘ಇರ್ಲಿ ಯವ್ವಾ, ಅವರ ಮನಿ ಅದು’ ಅಂದೆ.

ಅವರು ಸೆರಗಿನಿಂದ ನನ್ನ ಹಣಿ ಮ್ಯಾಲಿನ ಮಸಿ ಒರಸಿದ್ರು. ಆಮ್ಯಾಲ ಅಲ್ಲೇ ಚೀಲಾ ತಲಿಗಿಟ್ಟುಕೊಂಡು ಅಡ್ಡಾದ್ರು. ಸಂಜೀಮುಂದ ದೂಳು ಎದ್ದು ಅಡ್ಡಮಳಿ ಬಂತು. ಹನಿ ಬಿದ್ದ ಕೂಡ್ಲೆ ಎದ್ದು ಮಳ್ಯಾಗ ನಿಂತ್ರು, ಕೊಡೆ ಮಡಚಿಟ್ಟು. ಬಸ್ಸಿಗೆ ಹತ್ತಿಸಿ ಬಂದೀನಿ.

ನಾನು ಕಂಡ ಊರಿನ ಮಳಿ ಎಲ್ಲಾ ನಿನಗ ಬರದು ಹೇಳೀನಿ. ಈ ಮಳಿ ಹೆಂಗಿತ್ತು ಅಂತ ಬರಿಯಾಕ ನನಗ ಆಗವಲ್ದು.

ಜಂಬುನಾಥ


ಬಳ್ಳಾರಿ
೧೨ ಮೇ ೨೦೨೫

ಜಂಬುನಾಥ,

ಅತ್ತಿ ತೊಯ್ಸಿಕೊಂಡು ಬಂದು ನಾಲ್ಕು ದಿನದಿಂದ ಸೀನಾಕತ್ತಾರ. ಎಲ್ಲಿ ಹೋಗಿದ್ರಿ ಅಂದ್ರ ‘ಹೊಲ ನೋಡಾಕ’ ಅಂದ್ರು. ನಮಗ ಹೊಲಾನ ಇಲ್ಲ! ನಿಮ್ಮ ಕಾಗದ ಬಂದ ಮ್ಯಾಲ ಗೊತ್ತಾತು.

ಇವತ್ತು ಅವರ ಮುಂದ ಕುಂತು, ಬಾಯಿ ಬಿಟ್ಟು, ಹೂಂ ಅಂದೀನಿ. ನೋಂದಣಿ ಆಫೀಸಿಗೆ ಅರ್ಜಿ ಕೊಡೋಣ. ನಿಮ್ಮಕ್ಕನ ಕರಕೊಂಡು ಐತಾರ ಊಟಕ್ಕ ಬರ್ರಿ.

ಅತ್ತಿ ಪಕ್ಕದಾಗ ಕುಂತು ಬರಸಾಕತ್ತಾರ: ಗಿರಣಿಯಿಂದ ನೆಟ್ಟಗ ಬರೋದಾದ್ರ ಮೈಮ್ಯಾಲಿನ ನೆಲ್ಲಿನ ಹೊಟ್ಟು ಹೊರಗ ಝಾಡಿಸಿ, ಕೈಕಾಲು ತೊಳಕೊಂಡು ಒಳಗ ಬರಬೇಕಂತ. ಇಲ್ಲಂದ್ರ ಕಸ ನೀವ ಹೊಡೀಬೇಕಂತ.

ಹೊನ್ನೂರಮ್ಮ